ನರಸಿಂಗನ ಮುಡಿ

೧೯೫೫, ಜೂನ್ ೫, ಭಾನುವಾರ

ಬೆಳಗಿನ ಜಾವ ಕೆಟ್ಟ ಕನಸು. ಈ ಮನೆಯ ಹುಡುಗರೆಲ್ಲ ಸೇರಿ ನನ್ನ ಟ್ರಂಕನ್ನು ಹೆಣ ಹೊತ್ತ ಹಾಗೆ ಹೊತ್ತುಕೊಂಡು ಮಾಗಡಿ ರಸ್ತೆಯಲ್ಲಿ ಹೋಗುತ್ತಿದ್ದರು. ನಾನು ಕೂಗುತ್ತೇನೆ, ದನಿಯೇ ಹೊರಡದು. ಅವರಲ್ಲೊಬ್ಬ ತಿರುಗಿ ನೋಡಿ ಹಲ್ಲು ಕಿರಿದ. ಎದ್ದವಳೇ ಮೊದಲು ಟ್ರಂಕಿನ ಬೀಗ ಎಳೆದು ನೋಡಿದೆ. ಭದ್ರವಾಗಿತ್ತು. ಆದರೂ ಬೆಳಗಿನ ಜಾವದ ಕನಸು ನಿಜವಾಗುತ್ತದೆ ಅನ್ನುತ್ತಾರೆ.

ಯಜಮಾನರು ತೀರಿಕೊಂಡ ಮೇಲೆ ಮಾರೇನಹಳ್ಳಿಯಲ್ಲಿ ತಮ್ಮ ಬೈರಪ್ಪನ ಮನೆಯಲ್ಲಿದ್ದೆ. ಎಷ್ಟು ದಿನ ಅಂತ ಇರುವುದು, ಈ ಕೆಲಸಕ್ಕೆ ಒಪ್ಪಿಕೊಂಡೆ. ರಾಜಾಜಿನಗರದ ಹೊಸ ಬ್ಲಾಕಿನಲ್ಲಿ ಒಂದು ಹೆಂಚಿನ ಮನೆ. ಬೀದಿಯಲ್ಲಿ ಮಲಗುವ ಮಕ್ಕಳನ್ನು ತಂದಿಟ್ಟುಕೊಂಡು ಊಟ ಬಟ್ಟೆ ಕೊಟ್ಟು ಶಾಲೆಗೆ ಕಳಿಸುತ್ತಾರೆ. ನಡೆಸುವವರು ಸತ್ಯವತಿ ಅಮ್ಮನವರು. ಅಡುಗೆ, ಸ್ನಾನ, ಮಕ್ಕಳ ಮೇಲೆ ಒಂದು ಕಣ್ಣು, ಇವಿಷ್ಟೂ ನನ್ನ ಪಾಲು. ಮಕ್ಕಳು ಎಂದರೆ ಎಂಥ ಮಕ್ಕಳು! ಮಾರ್ಕೆಟ್ಟಿನಲ್ಲಿ ಜೇಬಿಗೆ ಕೈ ಹಾಕಿದವರು, ಬೀಡಿ ಸೇದಿಕೊಂಡು ರೈಲಿನಲ್ಲಿ ಬಂದವರು. ಅವರಿಗೆ ಬಡಿಸುವಾಗ ನನ್ನ ಕಿವಿಯ ಓಲೆಯನ್ನು ಸೆರಗಿನಿಂದ ಮುಚ್ಚಿಕೊಳ್ಳುತ್ತೇನೆ.

ನಿದ್ದೆ ಬರುವುದಿಲ್ಲವೆಂದರೆ ಅಮ್ಮನವರು ಈ ಪುಸ್ತಕ ಕೊಟ್ಟು, "ಮನಸ್ಸಿನಲ್ಲಿರೋದನ್ನ ಇದರಲ್ಲಿ ಬರೀರಿ ಹನುಮಕ್ಕ, ಹಗುರಾಗುತ್ತೆ" ಎಂದರು. ನನ್ನನ್ನು ಮೂರನೆಯ ಕ್ಲಾಸಿನಲ್ಲಿ ಶಾಲೆ ಬಿಡಿಸಿ, ಮತ್ತೆ ಹಾಕಿ, ಮದುವೆ ಗೊತ್ತಾಯಿತೆಂದು ಮತ್ತೆ ಬಿಡಿಸಿದರು. ಒತ್ತಕ್ಷರ ಬಂದರೆ ತಪ್ಪಾಗುತ್ತದೆ. ಯಾರೂ ಓದುವುದಿಲ್ಲ ಎನ್ನುವ ಧೈರ್ಯ ಒಂದೇ.

ತಿಂಗಳು ತುಂಬಿದ ಮೇಲೆ ಕೆಲಸ ಬಿಡುತ್ತೇನೆಂದು ಬೈರಪ್ಪನಿಗೆ ಹೇಳಿ ಕಳಿಸಬೇಕು.

ಜೂನ್ ೯, ಗುರುವಾರ

ಮಾರ್ಕೆಟ್ಟಿನಿಂದ ಪೊಲೀಸಿನವನು ಒಂದು ಮಗುವನ್ನು ಕರೆದುಕೊಂಡು ಬಂದ. ಏಳು ವರ್ಷವಿರಬಹುದು. ಮೈಮೇಲೆ ಯಾರದೋ ದೊಡ್ಡ ಅಂಗಿ, ಮೊಣಕಾಲು ಮುಚ್ಚುವಷ್ಟು. ಬೆನ್ನ ಮೇಲೆ ಜಡೆ, ಜಡೆ ಎನ್ನುವುದಕ್ಕಿಂತ ತೆಂಗಿನ ನಾರಿನ ಹಗ್ಗ.

"ಎಲೆಕೋಸಿನ ಗುಡ್ಡೆ ಹಿಂದೆ ಮಲಗಿತ್ತು ಕಣಮ್ಮ. ಹೆಣ್ಮಗು, ಹಂಗೇ ಬಿಟ್ಟು ಬರಕ್ಕಾಗ್ತದಾ?" ಎಂದ ಅವನು.

ನಾನು ಕೈಹಿಡಿದು ಹೆಣ್ಣುಮಕ್ಕಳ ಕೋಣೆಗೆ ಕರೆದೊಯ್ಯುತ್ತಿದ್ದೆ. ಹೊಸ್ತಿಲಲ್ಲೇ ನಿಂತಿತು.

"ನಾನು ಗಂಡು ಕಣಕ್ಕ."

ಪೊಲೀಸಿನವನು ಟೋಪಿ ತೆಗೆದು ತಲೆ ಕೆರೆದುಕೊಂಡ. "ಎಲಾ ಇವ್ನ! ದಾರಿಯುದ್ದಕ್ಕೂ ಮಗಳೇ ಮಗಳೇ ಅಂತ ಬಂದೆನಲ್ಲೋ, ಬಾಯಿ ಬಿಡಬಾರ್ದಾ?"

"ನೀವು ಬನ್ ಕೊಡುಸ್ತಾ ಇದ್ರಿ. ಅದಕ್ಕೆ ಸುಮ್ಕಿದ್ದೆ."

ಅಮ್ಮನವರಿಗೆ ನಗು ತಡೆಯಲಾಗಲಿಲ್ಲ. ನನಗೆ ನಗು ಬರಲಿಲ್ಲ. ಒಂದು ಬನ್ನಿಗೆ ಗಂಡು ಹೆಣ್ಣಾಗುವವನು ಇನ್ನೇನೇನು ಆಗುತ್ತಾನೋ. ಹೆಸರು ನರಸಿಂಗನಂತೆ. ತಲೆಯಲ್ಲಿ ಹೇನು ಜಾತ್ರೆ ಕಟ್ಟಿವೆ. ಊಟದಲ್ಲಿ ಅರ್ಧ ಮುದ್ದೆಯನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡ. ನೋಡಿದರೂ ನೋಡದ ಹಾಗಿದ್ದೆ, ಕಚ್ಚಿಬಿಟ್ಟರೆ? ನನ್ನ ತಲೆಯೂ ಆಗಿನಿಂದ ಕಡಿಯುತ್ತಿದೆ.

ಜೂನ್ ೧೯, ಭಾನುವಾರ

ವಾರ ಬಿಟ್ಟು ವಾರ ಭಾನುವಾರ ಚಿಕ್ಕಹನುಮಯ್ಯ ಬಂದು ಹುಡುಗರಿಗೆಲ್ಲ ಕ್ಷೌರ ಮಾಡುತ್ತಾನೆ. ಹೊಸದಾಗಿ ಬಂದವರಿಗೆ ಪೂರ್ತಿ ಬೋಳಿಸುವುದು ಈ ಮನೆಯ ಪದ್ಧತಿ. ಇವತ್ತು ನರಸಿಂಗನ ಸರದಿ. ಕತ್ತಿ ಕಂಡದ್ದೇ ತಡ, ಕಾಂಪೌಂಡಿನ ಗೋಡೆ ಹತ್ತಿ ಕೂತುಬಿಟ್ಟ.

"ಮುಡಿ ಐತೆ! ಮುಟ್ಬೇಡ್ರಿ! ದ್ಯಾವ್ರ ಮುಡಿ!"

ಹುಡುಗರು ಕೆಳಗೆ ನಿಂತು "ಏ ಜಡೆಬಾಯಿ, ಹೂವು ಬೇಕೇನೇ?" ಎಂದು ಕೂಗಿದರು. ಅವನು ಗೋಡೆಯ ಗಾರೆ ಕಿತ್ತು ಎಸೆದ. ಬಿದ್ದು ಕಾಲು ಮುರಿದುಕೊಂಡರೆ ನನ್ನ ತಲೆಗೇ ಬರುತ್ತದೆ ಎಂದು ನಾನು ಸೀರೆ ಸೆರಗು ಹರಡಿ ಕೆಳಗೆ ನಿಂತಿದ್ದೆ. ಸೆರಗಿನಲ್ಲಿ ಹುಡುಗನನ್ನು ಹಿಡಿಯಲು ಆಗುತ್ತದೆಯೇ, ಆ ಹೊತ್ತಿಗೆ ತೋಚಲಿಲ್ಲ.

ಅಮ್ಮನವರು ಮೆಲ್ಲಗೆ ಕೇಳಿದ ಮೇಲೆ ಹೇಳಿದ. ಮೂರು ಮಕ್ಕಳು ಉಳಿಯದೆ ಹೋದ ಮೇಲೆ ಹುಟ್ಟಿದವನಂತೆ ಇವನು. ಅವನ ಅವ್ವ ಬೆಟ್ಟದ ದೇವರಿಗೆ ಮುಡಿ ಕೊಡುತ್ತೇನೆಂದು ಹರಕೆ ಹೊತ್ತಿದ್ದಾಳೆ. "ಸ್ವಾದರಮಾವನ ತೊಡೆ ಮ್ಯಾಲೆ ಕುಂತೇ ತಗೀಬೇಕು. ಇಲ್ದಿದ್ರೆ ಇಲ್ಲ." ಸೋದರಮಾವ ಯಾರು ಎಂದರೆ ತಿಳಿಯದು. ಅವ್ವ ಎಲ್ಲಿ ಎಂದರೆ, "ದೊಡ್ಡಾಸ್ಪತ್ರೇಲವ್ಳೆ. ಬತ್ತಾಳೆ." ಅವ್ವ ಇದೇ ರಾಜಾಜಿನಗರದ ರಸ್ತೆಗಳಿಗೆ ಜಲ್ಲಿ ಒಡೆಯುವ ಗುಂಪಿನಲ್ಲಿದ್ದಳಂತೆ. ಕೆಮ್ಮು ಹಿಡಿದು ಆಸ್ಪತ್ರೆಗೆ ಸೇರಿಸಿದರು. ಗುಂಪು ಬೇರೆ ಕಡೆ ಹೋಯಿತು. ಇವನು ಆಸ್ಪತ್ರೆಯ ಗೇಟಿನ ಹತ್ತಿರವೇ ಸುಳಿದಾಡಿಕೊಂಡು, ಪಕ್ಕದ ಮಾರ್ಕೆಟ್ಟಿನಲ್ಲಿ ಮಲಗಿಕೊಂಡು ಇದ್ದವನು.

ಚಿಕ್ಕಹನುಮಯ್ಯ ಕತ್ತಿ ಮಡಿಚಿ ಚೀಲಕ್ಕೆ ಹಾಕಿದ. "ದೇವರ ಮುಡಿಗೆ ಕತ್ತಿ ಇಡಾಕಿಲ್ಲ ತಾಯಿ. ನಂಗೂ ಮಕ್ಕಳವೆ."

ಈಗ ಏನು ಮಾಡುವುದು? ಯಾವ ಬೆಟ್ಟ, ಯಾವ ದೇವರು? ಉಗ್ರ ದೇವರಾಗಿದ್ದರೆ ಈ ಮನೆಯಲ್ಲಿದ್ದವರಿಗೆಲ್ಲ ತಟ್ಟುವುದಿಲ್ಲವೇ?

ಜೂನ್ ೨೦, ಸೋಮವಾರ

ಸೂರ್ಯಗ್ರಹಣ. ಬಿಡುವ ತನಕ ಯಾರಿಗೂ ಏನೂ ಕೊಡಬಾರದು ಎಂದೆ. "ವರ್ಷಗಟ್ಟಲೆ ಗ್ರಹಣ ಹಿಡಿದಿರೋ ಮಕ್ಕಳು ಹನುಮಕ್ಕ, ಇವತ್ತೊಂದು ದಿನ ಊಟ ಹಾಕಿ" ಎಂದರು ಅಮ್ಮನವರು. ಹಾಕಿದೆ. ಪಾತ್ರೆಗಳಿಗೆಲ್ಲ ದರ್ಭೆ ಇಟ್ಟೆ. ನರಸಿಂಗನ ಜಡೆಯಲ್ಲೂ ಒಂದು ಎಳೆ ಸಿಕ್ಕಿಸಿದೆ, ಯಾತಕ್ಕೂ ಇರಲಿ ಎಂದು.

ಜೂನ್ ೨೪, ಶುಕ್ರವಾರ

ಶಾಲೆಯ ಹೆಡ್ ಮೇಷ್ಟ್ರು ಅವನನ್ನು ಬಾಗಿಲಿಂದಲೇ ವಾಪಸು ಕಳಿಸಿದರು. "ಈ ತಲೇನ ಒಳಗೆ ಬಿಟ್ರೆ ನಾಳೆ ಎಲ್ಲ ತಂದೆತಾಯಿಗಳೂ ನನ್ನ ತಲೆ ಬೋಳಿಸ್ತಾರೆ" ಎಂದರಂತೆ. ಈ ಮನೆ ಇರುವುದು ಶಾಲೆಗೆ ಹೋಗುವ ಮಕ್ಕಳಿಗೆ ಎಂದು ಕಮಿಟಿಯವರ ಕಟ್ಟುನಿಟ್ಟು. ಹೋಗದವರನ್ನು ಸರ್ಕಾರದ ಹುಡುಗರ ಜೈಲಿಗೆ ಕಳಿಸುತ್ತಾರೆ. ಅಮ್ಮನವರು ಓಡಾಡಿ ಆಗಸ್ಟ್ ಒಂದರವರೆಗೆ ಗಡುವು ಕೇಳಿ ಬಂದಿದ್ದಾರೆ.

"ಬಲವಂತವಾಗಿ ಹಿಡ್ಕೊಂಡು ತೆಗೆಸೋದು ನನಗೂ ಇಷ್ಟ ಇಲ್ಲ. ತೆಗೆಸಿದ ದಿನವೇ ಇವನು ಮಾರ್ಕೆಟ್ಟಿಗೆ ಓಡ್ತಾನೆ" ಎಂದರು.

"ಹೇಗೂ ಆಷಾಢ. ಮುಡಿ ತೆಗೆಯೋ ಹಾಗಿಲ್ಲ. ಅಲ್ಲೀವರೆಗೂ ಹೇನು ನಾನು ನೋಡ್ಕೋತೀನಿ" ಎಂದುಬಿಟ್ಟೆ. ಯಾಕೆ ಅಂದೆನೋ. ಇರುವ ಕೆಲಸವೇ ಹಾಸಿ ಹೊದೆಯುವಷ್ಟಿದೆ.

ಸೀತಾಫಲದ ಬೀಜ ಕುಟ್ಟಿ ಕೊಬ್ಬರಿ ಎಣ್ಣೆಯಲ್ಲಿ ಕಲಸಿ, ಕಣ್ಣಿಗೆ ಇಳಿಯದ ಹಾಗೆ ಹಣೆಗೆ ಬಟ್ಟೆ ಕಟ್ಟಿ ಹಚ್ಚಿದೆ. ಆಮೇಲೆ ಸೀಗೆಕಾಯಿ. ಆಮೇಲೆ ಸಣ್ಣಹಲ್ಲಿನ ಬಾಚಣಿಗೆ. ಗಂಟು ಬಿಡಿಸುವಾಗ ನೋವಾದರೂ ಅಳಲಿಲ್ಲ, ನನ್ನ ಮೊಣಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ. ಉಗುರಿನ ಗುರುತು ಇನ್ನೂ ಇದೆ.

ಜುಲೈ ೩, ಭಾನುವಾರ

ಚಿಕ್ಕಹನುಮಯ್ಯ ಬಂದಿದ್ದ. ನರಸಿಂಗ ಅಡುಗೆಮನೆಯಲ್ಲಿ ಸೌದೆಯ ಹಿಂದೆ ಅಡಗಿ ಕೂತ. ಚಿಕ್ಕಹನುಮಯ್ಯ ಹೋಗುವವರೆಗೂ ನಾನು ಬಾಗಿಲಿಗೆ ಅಡ್ಡವಾಗಿ ಕೂತು ಅವರೆಕಾಳು ಆರಿಸಿದೆ. ಆರಿಸಿದ್ದನ್ನೇ ಮತ್ತೆ ಆರಿಸಿದೆ.

ಹೇನು ಕಡಿಮೆಯಾಗಿದೆ. ಸೀರು ಇನ್ನೂ ಇದೆ.

ಜುಲೈ ೮, ಶುಕ್ರವಾರ

ಅಮ್ಮನವರು ದೊಡ್ಡಾಸ್ಪತ್ರೆಗೆ ಹೋಗಿ ವಿಚಾರಿಸಿಕೊಂಡು ಬಂದರು. ನರಸಿಂಗನ ತಾಯಿ ಶಿವರಾತ್ರಿಯ ಆಸುಪಾಸಿನಲ್ಲೇ ತೀರಿಕೊಂಡಳಂತೆ. ವಾರಸುದಾರರು ಇಲ್ಲವೆಂದು ಆಸ್ಪತ್ರೆಯವರೇ ಮಣ್ಣು ಮಾಡಿಸಿದರಂತೆ.

"ನಾನೇ ಹೇಳ್ತೀನಿ ಅವನಿಗೆ" ಎಂದರು ಅಮ್ಮನವರು.

"ಬೇಡಿ ಅಮ್ಮ, ಎರಡು ದಿನ ತಡೀರಿ, ತಲೆ ಬಾಚುವಾಗ ನಾನೇ ಹೇಳ್ತೀನಿ" ಎಂದೆ. ಮತ್ತೆ ಬಾಯಿ ತಪ್ಪಿ ಬಂತು. ಹಾವು ಎಂದರೆ ಊರು ಬಿಡುವವಳು ನಾನು, ಇದನ್ನು ಹೇಗೆ ಹೇಳಲಿ?

ಜುಲೈ ೧೨, ಮಂಗಳವಾರ

ಹೇಳಲಿಲ್ಲ. ಮಂಗಳವಾರ ಹೇಳಬಾರದು.

ಜುಲೈ ೧೩, ಬುಧವಾರ

ಇವತ್ತೂ ಇಲ್ಲ. ಬಾಚುತ್ತಿದ್ದರೆ ಅವನೇ ಕೇಳಿದ, "ಹನುಮಕ್ಕ, ಯಾಕೆ ಒಂದೇ ಕಡೆ ಬಾಚ್ತಾ ಇದೀರಿ?" ಸೀರು ಎಂದೆ.

ಜುಲೈ ೧೭, ಭಾನುವಾರ

ಏನು ದಿನವಪ್ಪಾ ಇದು. ಬೆಳಿಗ್ಗೆ ಚಿಕ್ಕಹನುಮಯ್ಯ ಚೀಲ ಇಳಿಸುತ್ತಿದ್ದ. ದೊಡ್ಡ ಹುಡುಗನೊಬ್ಬ ಎಲ್ಲಿ ಕೇಳಿಸಿಕೊಂಡಿದ್ದನೋ, "ಜಡೆಬಾಯಿ, ನಿಮ್ಮವ್ವ ಸತ್ತೋದ್ಲಂತೆ, ಇವತ್ತು ನಿಂಗೆ ಬೋಳೇ" ಎಂದುಬಿಟ್ಟ. ನಾನು ಒಲೆಯ ಮುಂದಿನಿಂದ ಎದ್ದು ಬರುವುದರೊಳಗೆ ನರಸಿಂಗ ಇಲ್ಲ. ಗೇಟು ಹಾರು ಹೊಡೆದಿದೆ.

ಹಾಗೆಯೇ ಹೊರಟೆ, ಬರಿಗಾಲಿನಲ್ಲಿ. ಜಿನುಗು ಮಳೆ. ಮಾಗಡಿ ರಸ್ತೆಯ ಬಸ್ಸು ಕಂಡಾಗಲೆಲ್ಲ ಅದರ ಚಕ್ರದ ಕಡೆಗೇ ಕಣ್ಣು. ಸೌದೆ ಡಿಪೋದವನನ್ನು ಕೇಳಿದೆ, ಹಾಲಿನವಳನ್ನು ಕೇಳಿದೆ. ಜಡೆ ಇರುವ ಹುಡುಗ ಎಂದರೆ, "ಹುಡುಗೀನಾ?" ಎನ್ನುತ್ತಾರೆ. ಮಾರ್ಕೆಟ್ಟಿಗೆ ಹೋಗಿಬಿಟ್ಟಿದ್ದರೆ ಅಷ್ಟು ಜನರಲ್ಲಿ ಎಲ್ಲಿ ಹುಡುಕಲಿ?

ಆಮೇಲೆ ಹೊಳೆಯಿತು. ಅವನ ಅವ್ವ ಜಲ್ಲಿ ಒಡೆದ ಜಾಗ. ಹಿಂದಿನ ಬ್ಲಾಕಿನಲ್ಲಿ, ರಸ್ತೆ ಹಾಕುವುದನ್ನು ಅರ್ಧಕ್ಕೇ ಬಿಟ್ಟಿದ್ದಾರಲ್ಲ, ಅಲ್ಲಿ. ಜಲ್ಲಿ ಗುಡ್ಡೆಯ ಪಕ್ಕದಲ್ಲಿ ಮೋರಿಗೆ ತಂದಿಟ್ಟ ಸಿಮೆಂಟ್ ಪೈಪುಗಳು. ಒಂದರೊಳಗೆ ಮುದುಡಿಕೊಂಡು ಕೂತಿದ್ದ. ಜಡೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

"ಒಬ್ರೇ ಬಂದ್ರಾ?"

"ಒಬ್ಳೇ ಕಣೋ."

"ಕತ್ತಿಯವ್ನು?"

"ಅವನು ಮನೇಲಿ ಬೇರೆಯವರಿಗೆ ಮಾಡ್ತಾ ಇದಾನೆ. ಬರಲ್ಲ."

ನಾನೂ ಬಗ್ಗಿ ಪೈಪಿನ ಬಾಯಲ್ಲಿ ಕೂತೆ. ಹೇಳಬೇಕಾದ್ದನ್ನು ಶುರು ಮಾಡಿದೆ. "ನೋಡಪ್ಪ ನರಸಿಂಗ, ನಿಮ್ಮವ್ವ..."

"ಗೊತ್ತು."

"ಏನು ಗೊತ್ತು?"

"ಮುಸುಕು ಹಾಕಿ ತಗೊಂಡೋದ್ರು. ನಾ ಗೇಟಿಂದ ನೋಡ್ದೆ. ಕಾಲುಂಗುರ ಕಾಣ್ತಿತ್ತು."

"ಮತ್ತೆ ಬತ್ತಾಳೆ ಬತ್ತಾಳೆ ಅಂತಿದ್ಯಲ್ಲೋ?"

ಅವನು ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದ. "ಅವ್ವ ಸತ್ರೆ ಮಗನ ತಲೆ ಬೋಳುಸ್ತಾರೆ. ನಂಗಿನ್ನೂ ಬೋಳ್ಸಿಲ್ವಲ್ಲ."

ಮಳೆ ಜೋರಾಯಿತು. ಪೈಪಿನೊಳಗೆ ನಾವಿಬ್ಬರೂ ಕೂತೇ ಇದ್ದೆವು. ಬಹಳ ಹೊತ್ತಾದ ಮೇಲೆ "ಹಸಿವಾ?" ಎಂದೆ. ಹೂಂ ಎಂದ. ಕೈ ಹಿಡಿದುಕೊಂಡು ಬಂದ.

ಮನೆಗೆ ಬಂದರೆ ಸಾರು ಸೀದು ಕರಕಲಾಗಿದೆ. ಹಳೆಯ ಸೀರೆ ತೆಗೆಯಲೆಂದು ಬೆಳಿಗ್ಗೆ ಟ್ರಂಕು ತೆರೆದಿದ್ದವಳು ಹಾಗೇ ತೆರೆದು ಬಿಟ್ಟು ಹೋಗಿದ್ದೆನಂತೆ. ಹುಡುಗರಲ್ಲೊಬ್ಬ ಮುಚ್ಚಳ ಮುಚ್ಚಿ ಅದರ ಮೇಲೆ ಕೂತಿದ್ದ. ನನ್ನ ಮರೆವಿಗೆ ಏನು ಹೇಳುವುದು. ಒದ್ದೆ ತಲೆ, ಅವನಿಗೆ ಜ್ವರ ಬರದಿದ್ದರೆ ಸಾಕು.

ಜುಲೈ ೧೮, ಸೋಮವಾರ

ಜ್ವರ ಬಂದಿಲ್ಲ. ಮೂಗು ಸುರಿಯುತ್ತಿದೆ.

ಜುಲೈ ೨೧, ಗುರುವಾರ

ಆಷಾಢ ಕಳೆಯಿತು. ಗಡುವು ಹತ್ತಿರ ಬಂತು. ಅಮ್ಮನವರನ್ನು ಕೇಳಿಕೊಂಡು ಮಾರೇನಹಳ್ಳಿಗೆ ಹೋದೆ. ದಾರಿಯಲ್ಲಿ ಮಾತನ್ನು ಜೋಡಿಸಿಕೊಂಡು ಹೋಗಿದ್ದೆ, ಬೈರಪ್ಪನ ಮುಖ ನೋಡಿದ ಕೂಡಲೇ ಎಲ್ಲಾ ಕಲಸಿಹೋಯಿತು.

"ಒಂದು ಮಗೂಗೆ ಮುಡಿ ತೆಗೆಸ್ಬೇಕು ಕಣೋ. ನೀನು ಬಂದು ತೊಡೆ ಮೇಲೆ ಕೂರಿಸ್ಕೋಬೇಕು" ಎಂದೆ.

"ಯಾರ ಮಗು?"

"ಯಾರದ್ದೂ ಅಲ್ಲ. ಅದಕ್ಕೇ ನಿನ್ನ ಕೇಳ್ತಿರೋದು."

ಅವನ ಹೆಂಡತಿ ಮುನಿತಾಯಮ್ಮ ರಾಗಿ ಕೇರುತ್ತಿದ್ದವಳು ಮೊರ ನಿಲ್ಲಿಸಿದಳು. "ಚೆಂದಾಗೈತೆ ಅತ್ತಿಗೆ! ಯಾವ ಜಾತಿಯೋ ಏನ್ ಕತೆಯೋ. ಊರಲ್ಲಿರೋ ಮಕ್ಕಳಿಗೆಲ್ಲ ಇವ್ರು ತೊಡೆ ಕೊಡ್ತಾ ಕುಂತ್ರೆ ಹೊಲಕ್ಕೆ ಯಾರು ಹೋಗೋರು?"

ನಾನು ನಡೆದದ್ದನ್ನೆಲ್ಲ ಹೇಳಿದೆ. ಪೈಪಿನೊಳಗೆ ಅವನಾಡಿದ ಮಾತು ಹೇಳುವಾಗ ನನಗೆ ಅಳು ಬಂತು. ಹೀಗೆಯೇ ಬೋಳಿಸಿದರೆ ಅದು ಅವ್ವ ಸತ್ತ ಬೋಳು. ಓಡಿಹೋಗುತ್ತಾನೆ. ಸೋದರಮಾವನ ತೊಡೆಯ ಮೇಲಾದರೆ ಅದು ಹರಕೆ, ಅವ್ವ ಅಂದುಕೊಂಡದ್ದೇ ಆದ ಹಾಗೆ. ಅವನಿಗೂ ಕೂರಲು ಮನಸ್ಸಾಗುತ್ತದೆ. ಇಷ್ಟೇ ಅಲ್ಲವೇ?

ಬೈರಪ್ಪ ಬೀಡಿ ಆರಿಸಿ ಕೇಳಿದ, "ಬೆಟ್ಟ ಹೆಂಗೈತಂತೆ?"

"ಒಂದೇ ಕಲ್ಲಂತೆ. ಕೆಳಗೆ ಗುಡಿಯಂತೆ."

"ಹೆಸರು ನರಸಿಂಗ. ಇನ್ನೇನು, ಸಾವನದುರ್ಗದ ನರಸಿಂಹಸ್ವಾಮಿ. ಅದೂ ಗೊತ್ತಾಗ್ಲಿಲ್ವಾ ನಿಂಗೆ?" ಆರಿದ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು, "ಅಕ್ಕಯ್ಯ, ನಾನು ಸೋದರಮಾವ ಆಗ್ತೀನಿ ಅಂತಿಟ್ಕೋ. ಆಗ ನೀನೇನಾಗ್ತೀಯ ಯೋಚ್ನೆ ಮಾಡಿದ್ಯಾ?" ಎಂದ.

"ನಾನೇನಾಗ್ತೀನಿ, ಅಡುಗೆ ಮಾಡ್ಕೊಂಡು ಇರ್ತೀನಿ" ಎಂದೆ. ಮುನಿತಾಯಮ್ಮ ಮೊರದಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ನಗುವಂಥದ್ದು ಏನಿತ್ತೋ. ಬರುತ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ನೋಡ್ತೀನಿ ಎಂದ.

ಜುಲೈ ೩೦, ಶನಿವಾರ

ಬೈರಪ್ಪನಿಂದ ಸುದ್ದಿಯಿಲ್ಲ. ನರಸಿಂಗನಿಗೆ ಹೇಳಿಬಿಟ್ಟಿದ್ದೇನೆ, ನಾಳೆ ನಿನ್ನ ಮಾವ ಬರುತ್ತಾನೆ ಎಂದು. ಯಾಕೆ ಹೇಳಿದೆ? ಬೆಳಗಿನಿಂದ ಗೇಟಿನಲ್ಲೇ ನಿಂತಿದ್ದಾನೆ. "ಮಾವಂಗೆ ಮೀಸೆ ಐತಾ?" ಇದೆ. "ದೊಡ್ಡದಾ?" ದೊಡ್ಡದು. "ಬೈತಾನಾ?" ಬೈಯುವುದಿಲ್ಲ. ಬರದೇ ಹೋದರೆ ಈ ಹುಡುಗ ಇನ್ನು ಯಾರ ಮಾತನ್ನೂ ನಂಬುವುದಿಲ್ಲ. ಸೋಮವಾರ ಅವನ ಬಟ್ಟೆ ಕಟ್ಟಿಕೊಡುವವಳು ನಾನೇ.

ಬೈರಪ್ಪನಿಗೆ ಹೊಟ್ಟೆ ಕೆಟ್ಟಿರಬಹುದು. ಮುನಿತಾಯಮ್ಮ ಬಿಟ್ಟಿರಲಿಕ್ಕಿಲ್ಲ. ಗಾಡಿಯ ಅಚ್ಚು ಮುರಿದಿರಬಹುದು.

ಜುಲೈ ೩೧, ಭಾನುವಾರ

ಬಂದರು. ಇಬ್ಬರೂ. ಬೈರಪ್ಪ ಒಗೆದ ಪಂಚೆ ಉಟ್ಟು ರುಮಾಲು ಸುತ್ತಿದ್ದ. ಮುನಿತಾಯಮ್ಮ ಬುಟ್ಟಿಯಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ಹೊಸ ಅಂಗಿ ಇಟ್ಟುಕೊಂಡಿದ್ದಳು. "ಸುಮ್ಕೆ ಬರಿಗೈಲಿ ಬರಕ್ಕಾಗ್ತದಾ, ಮಾವನ ಮನೆಯೋರು ಅಂದ್ಮ್ಯಾಕೆ" ಎಂದು ನನ್ನನ್ನೇ ಗದರಿದಳು. ಜಾತಿಯ ಮಾತು ಎತ್ತಲಿಲ್ಲ. ನಾನೂ ನೆನಪಿಸಲಿಲ್ಲ.

ನರಸಿಂಗ ಬೈರಪ್ಪನ ಸುತ್ತ ಒಂದು ಸುತ್ತು ಬಂದು ಮೀಸೆ ನೋಡಿದ. "ನೀವು ದಿಟವಾಗ್ಲೂ ಮಾವಾನಾ?"

"ಅಲ್ಲದೆ ಏನು, ದಾರೀಲಿ ಹೋಗೋನು ನಿನ್ನಂಥ ಕೋತಿನ ತೊಡೆ ಮೇಲೆ ಕೂರಿಸ್ಕೋತಾನಾ? ಬಾ ಇಲ್ಲಿ."

ಹೋಗಿ ಕೂತ. ಬೈರಪ್ಪ ಬೆಟ್ಟದ ದಿಕ್ಕಿಗೆ ಕೈ ಮುಗಿಸಿದ, ಮೊದಲ ಎಳೆಯನ್ನು ತಾನೇ ಕತ್ತರಿಸಿದ. ಚಿಕ್ಕಹನುಮಯ್ಯ ಕತ್ತಿಗೆ ಕುಂಕುಮ ಇಟ್ಟ. ನಾನು ದೂರದಲ್ಲಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ, ಗಂಡ ಸತ್ತವಳು ಶುಭದಲ್ಲಿ ಮುಂದೆ ಬರಬಾರದು ಎಂದು.

"ಮುಡಿ ನೆಲಕ್ಕೆ ಬೀಳಬಾರ್ದು, ಯಾರಾದ್ರೂ ಸೆರಗು ಹಿಡೀರಿ" ಎಂದ ಚಿಕ್ಕಹನುಮಯ್ಯ. ನಾನು ಮುನಿತಾಯಮ್ಮನನ್ನು ನೋಡಿದೆ. ಅವಳು ಅಮ್ಮನವರನ್ನು ನೋಡಿದಳು. ನರಸಿಂಗ ನನ್ನನ್ನು ನೋಡಿ, "ಬೇಗ ಬರ್ರೀ ಹನುಮಕ್ಕ, ಬಿದ್ದೋಗ್ತದೆ!" ಎಂದು ಕೂಗಿದ. ಕೂದಲು ಆಗಲೇ ಜಾರುತ್ತಿತ್ತು. ಓಡಿಹೋಗಿ ಹಿಡಿದೆ. ಬೀಳುತ್ತಿರುವುದನ್ನು ನೋಡಿಕೊಂಡು ನಿಲ್ಲಲಾಗುತ್ತದೆಯೇ? ದೇವರು ತಪ್ಪು ತಿಳಿಯಬಾರದು. ಸೆರಗು ಭಾರವಾಗಿತ್ತು, ಅಷ್ಟು ಕೂದಲು.

ಮುಗಿದ ಮೇಲೆ ತಲೆ ಸವರಿಕೊಂಡು, "ಇದು ಸತ್ತೋರ ಬೋಳಲ್ವಲ್ಲ?" ಎಂದು ಕೇಳಿದ.

"ಸತ್ತೋರ ಬೋಳಿಗೆ ಯಾವ ಮಾವ ಹೊಸ ಅಂಗಿ ಕೊಡ್ತಾನೋ ಪೆದ್ದ?" ಎಂದ ಚಿಕ್ಕಹನುಮಯ್ಯ.

ಆಗ ಅತ್ತ. ಹೊಸ ಅಂಗಿ ಹಾಕಿಕೊಂಡು, ಬಾಳೆಹಣ್ಣು ಕೈಯಲ್ಲಿ ಹಿಡಿದುಕೊಂಡು, ಬೈರಪ್ಪನ ತೊಡೆಯಿಂದ ಇಳಿಯದೆ ಅತ್ತ. ಅವ್ವಾ ಎಂದು ಕೂಗಿ ಅತ್ತ. ಹುಡುಗರು ಯಾರೂ ಅಣಕಿಸಲಿಲ್ಲ. ಬೈರಪ್ಪನ ಒಗೆದ ಪಂಚೆಯೆಲ್ಲ ಒದ್ದೆ.

ಮುಡಿಯನ್ನು ಹಳದಿ ಬಟ್ಟೆಯಲ್ಲಿ ಕಟ್ಟಿದ್ದೇನೆ. ದಸರಾ ರಜದಲ್ಲಿ ಸಾವನದುರ್ಗಕ್ಕೆ ಕರೆದುಕೊಂಡು ಹೋಗಬೇಕು. ಮೆಟ್ಟಿಲಲ್ಲಿ ಕೋತಿಗಳಿರುತ್ತವಂತೆ, ಕಿತ್ತುಕೊಂಡರೆ?

ಆಗಸ್ಟ್ ೧, ಸೋಮವಾರ

ಶಾಲೆಗೆ ಸೇರಿಸಿಕೊಂಡರು. ಬೆಳಿಗ್ಗೆ ಹೋಗುವಾಗ ತಿರುಗಿ ನೋಡಲಿಲ್ಲ. ಶಾಲೆಯಿಂದ ಮಾರ್ಕೆಟ್ಟಿಗೆ ನೇರ ಬಸ್ಸಿದೆ ಎಂದು ಯಾರೋ ಹೇಳಿದ್ದು ಆಗಲೇ ನೆನಪಾಗಬೇಕೇ? ಒಲೆ ಉರಿಯದು, ಮುದ್ದೆ ಗಂಟಾಯಿತು. ಶಾಲೆ ಬಿಡುವ ಹೊತ್ತಿಗೆ ಗೇಟಿಗೆ ಹೋಗಿ ನಿಂತೆ, ಹಾಲಿನವಳನ್ನು ನೋಡುವ ನೆಪದಲ್ಲಿ. ಹುಡುಗರ ಗುಂಪಿನಲ್ಲಿ ಬೋಳು ತಲೆ ಕಂಡಿತು. ಯಾರಿಗೋ "ನಮ್ಮ ಮಾವಂಗೆ ಇಷ್ಟುದ್ದ ಮೀಸೆ ಐತೆ ಕಣ್ಲಾ" ಎಂದು ಕೈ ಚಾಚಿ ತೋರಿಸುತ್ತಾ ಬಂದ. ಊಟಕ್ಕೆ ಕೂತು ಇಡೀ ಮುದ್ದೆ ತಿಂದ. ಅಂಗಿಯೊಳಗೆ ಏನೂ ಇಟ್ಟುಕೊಳ್ಳಲಿಲ್ಲ.

ಎಲ್ಲಾ ಸರಿಯಾಯಿತು ಎನ್ನುವಷ್ಟರಲ್ಲಿ ಎಣ್ಣೆ ಹಚ್ಚಲು ತಲೆ ಹಿಡಿದೆ. ನೆತ್ತಿಯಲ್ಲಿ ಒಂದು ಸುಳಿ, ಅದರ ಪಕ್ಕದಲ್ಲೇ ಇನ್ನೊಂದು ಸುಳಿಯ ಹಾಗೆ. ಜಡೆ ಇದ್ದಾಗ ಕಂಡಿರಲಿಲ್ಲ. ಎರಡು ಸುಳಿಯವನಿಗೆ ಎರಡು ಮದುವೆ ಎನ್ನುತ್ತಾರೆ. ಮೊದಲನೆಯವಳಿಗೆ ಏನಾಗಬೇಕು ಹಾಗಾದರೆ? ಎರಡೆರಡು ಸಲ ಹೆಣ್ಣು ಕೇಳಿಕೊಂಡು ಯಾರ ಮನೆ ಬಾಗಿಲಿಗೆ ಹೋಗಲಿ, ನನಗೋ ಮಾತೇ ಬರುವುದಿಲ್ಲ. ಬೆಳಕಿಗೆ ತಿರುಗಿಸಿ ನೋಡಿದರೆ ಒಂದೇ ಅನಿಸುತ್ತದೆ. ಈ ಕಡೆ ತಿರುಗಿಸಿದರೆ ಎರಡು. "ಬುಡಿ ಹನುಮಕ್ಕ, ಕತ್ತು ನೋಯ್ತದೆ" ಎಂದು ಅವನು ಓಡಿದ.

ನಾಳೆ ಬೆಳಿಗ್ಗೆಯೇ ಹೇಳಿ ಕಳಿಸಬೇಕು. 'ಚಿಕ್ಕಹನುಮಯ್ಯ, ಎಷ್ಟೋ ತಲೆ ನೋಡಿದ ಕೈ ನಿನ್ನದು. ನಿನ್ನ ಕೆಲಸ ಇದ್ದರೂ ಒಂದು ಗಳಿಗೆ ಬಂದು, ನಮ್ಮ ನರಸಿಂಗನಿಗೆ ಸುಳಿ ಒಂದೋ ಎರಡೋ, ಇನ್ನೊಂದು ಸಲ ಸರಿಯಾಗಿ ನೋಡಿ ಹೇಳಪ್ಪ.'